ಕುರ್ಚಿ ಬಾರದ ಗೆಳೆತನ

ನಮ್ಮ ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುತ್ತ ಕುಳಿತಾಗ ನಡೆಯುವ ವಾದಗಳಲ್ಲಿ 'ಸಿಐಡಿ' ಧಾರಾವಾಹಿಯದು ಬಹಳ ಹಳೆಯದು. 2025ರ ಏಪ್ರಿಲ್‌ನಲ್ಲಿ ಎಸಿಪಿ ಪ್ರದ್ಯುಮನ್ ಸತ್ತರೆಂದು ತೋರಿಸಿ, ಅವರ ಜಾಗಕ್ಕೆ ಆಯುಷ್ಮಾನ್ ಎಂಬ ಹೊಸಬರನ್ನು ತಂದಾಗಲಂತೂ ಅದು ಜಗಳದ ಹತ್ತಿರಕ್ಕೇ ಹೋಯಿತು.

"ಹೊರಗಿನವರನ್ನ ಯಾಕ ತರಬೇಕಿತ್ರಿ ಅಕ್ಕೋರ? ದಯಾ ಇರಲಿಲ್ಲೇನು?" ಎಂದಳು ಕಿರಿಯ ಶಿಕ್ಷಕಿ.

"ತಲಿ ಓಡೋದು ಅಭಿಜೀತಂದು. ಅವಗ ಕೊಡಬೇಕಿತ್ತು," ಎಂದಳು ಅವಳ ಜೊತೆಗಾತಿ.

ನಾನು ಸುಮ್ಮನಿದ್ದೆ.

ಈ ಧಾರಾವಾಹಿ ಸೋನಿ ವಾಹಿನಿಯಲ್ಲಿ ಶುರುವಾದದ್ದು 1998ರ ಜನವರಿಯಲ್ಲಿ. ಬಾಗಲಕೋಟೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ನೌಕರಿಗೆ ಸೇರಿದ ಹೊಸತು. ಅಲ್ಲಿಯವರೆಗೆ ನಮಗೆ ಸಿಐಡಿ ಎಂದರೆ 1968ರ 'ಜೇಡರ ಬಲೆ'ಯ ರಾಜಕುಮಾರ್. ಒಬ್ಬನೇ ಹೋಗಿ, ಒಬ್ಬನೇ ಗೆದ್ದು ಬರುವವನು. ಇಲ್ಲಿ ಹಾಗಲ್ಲ. ಶಿವಾಜಿ ಸಾಟಂ ಅವರ ಪ್ರದ್ಯುಮನ್ ಸಂಶಯಪಡುತ್ತಾರೆ, ಆದಿತ್ಯ ಶ್ರೀವಾಸ್ತವರ ಅಭಿಜೀತ್ ಎಳೆ ಹಿಡಿಯುತ್ತಾನೆ, ನಮ್ಮ ಉಡುಪಿ ಕಡೆಯ ದಯಾನಂದ ಶೆಟ್ಟಿಯವರ ದಯಾ ಬಾಗಿಲು ಒಡೆಯುತ್ತಾನೆ, ಡಾ. ಸಾಳುಂಖೆ ಹೆಣದಿಂದ ಸತ್ಯ ತೆಗೆಯುತ್ತಾರೆ. 2004ರಲ್ಲಿ 111 ನಿಮಿಷದ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿದ್ದರು. ಒಬ್ಬರು ತಪ್ಪಿದರೆ ಎಲ್ಲರದ್ದೂ ಕೆಡುವ ಕೆಲಸ. ತಂಡವೆಂದರೆ ಇದೇ ಅಲ್ಲವೇ?

ಆದರೂ ನನ್ನದೊಂದು ತಕರಾರಿದೆ. 2018ರವರೆಗೆ ಇಪ್ಪತ್ತು ವರ್ಷ ನಡೆದ ಆ ಕಥೆಯಲ್ಲಿ ಪ್ರದ್ಯುಮನ್ ನಿವೃತ್ತರಾಗಲಿಲ್ಲ. ದಯಾ ಮತ್ತು ಅಭಿಜೀತ್ ಇಬ್ಬರೂ ಸೀನಿಯರ್ ಇನ್ಸ್‌ಪೆಕ್ಟರುಗಳಾಗಿಯೇ ಉಳಿದರು. ಬಡ್ತಿಯ ಮಾತಿಲ್ಲ, ಜ್ಯೇಷ್ಠತಾ ಪಟ್ಟಿಯ ಗದ್ದಲವಿಲ್ಲ. ಅವರ ಗೆಳೆತನ ಕೆಡದೆ ಉಳಿಯಿತೆಂದು ನಾವು ಕಣ್ಣೊರೆಸಿಕೊಂಡೆವು. ಕೆಡುವುದಾದರೂ ಹೇಗೆ? ನಡುವೆ ಕುರ್ಚಿಯೇ ಬರಲಿಲ್ಲವಲ್ಲ!

ನನಗೂ ಒಬ್ಬ ಗೆಳತಿ ಇದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಹಾಗೆ ನಾವಿಬ್ಬರು ಎನ್ನುತ್ತಿದ್ದರು. ಅವಳ ಡಬ್ಬಿಯ ರೊಟ್ಟಿ ನನಗೆ, ನನ್ನ ಡಬ್ಬಿಯ ಪಲ್ಯ ಅವಳಿಗೆ. ಮುಖ್ಯೋಪಾಧ್ಯಾಯರು ನಿವೃತ್ತರಾದಾಗ ಪ್ರಭಾರ ನನಗೆ ಬಂತು. ನೌಕರಿಗೆ ನಾನು ನಾಲ್ಕು ತಿಂಗಳು ಮೊದಲು ಸೇರಿದ್ದೆ, ಅಷ್ಟೇ. ಒಂದು ದಿನ ಬಸ್ಸು ತಡವಾಗಿ ಅವಳು ಹತ್ತು ನಿಮಿಷ ತಡವಾಗಿ ಬಂದಳು. ಎಲ್ಲರೂ ನೋಡುತ್ತಿದ್ದಾರೆಂದು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದೆ. ಮರುದಿನದಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. "ಮೇಡಂ" ಎಂದಳು. ನಿವೃತ್ತಳಾಗಿ ಹೋಗುವವರೆಗೂ ಅದೇ.

2024ರ ಡಿಸೆಂಬರಿನಲ್ಲಿ ಧಾರಾವಾಹಿ ಮರಳಿದಾಗ ದಯಾ-ಅಭಿಜೀತರನ್ನು ವೈರಿಗಳಾಗಿಸಿ, ಕೈಗೆ ಪಿಸ್ತೂಲು ಕೊಟ್ಟರು. ನನಗೆ ಅಳು ಬರಲಿಲ್ಲ. ಗೆಳೆತನ ಮುರಿಯಲು ಗುಂಡು ಬೇಕಿಲ್ಲ, ಕೆಂಪು ಶಾಯಿ ಸಾಕು. ಇನ್ನೂ ಒಂದು ಮಾತು: ಅಲ್ಲಿ ಶ್ರೇಯಾ, ಪೂರ್ವಿಯಂಥ ಹೆಣ್ಣು ಅಧಿಕಾರಿಗಳೂ ಇದ್ದರು. ಆದರೆ ಅವರಲ್ಲಿ ಯಾರ ಗೆಳೆತನವೂ ಈ ಇಬ್ಬರದರಷ್ಟು ದೊಡ್ಡ ಕಥೆಯಾಗಲಿಲ್ಲ. ಹೆಂಗಸರ ನಡುವೆ ಮುರಿಯುವಷ್ಟು ಗಟ್ಟಿಯಾದ ಗೆಳೆತನ ಇರುತ್ತದೆಂದು ಬರೆಯುವವರಿಗೆ ಹೊಳೆಯಲಿಲ್ಲವೇನೋ.

ಮುಂದೆ ಪ್ರದ್ಯುಮನ್ ಬದುಕಿಯೇ ಬಂದರು. ಕುರ್ಚಿ ಯಾರಿಗೆ ಎಂಬ ಪ್ರಶ್ನೆಯಿಂದ ಕಥೆ ಮತ್ತೊಮ್ಮೆ ತಪ್ಪಿಸಿಕೊಂಡಿತು. ಹುಡುಗಿಯರಿಬ್ಬರಿಗೂ ಬಹಳ ಖುಷಿ.

"ನಾಳೆ ನಾ ಹೋದ ಮ್ಯಾಲೆ ನಿಮ್ಮಿಬ್ಬರೊಳಗ ಒಬ್ಬಾಕಿಗೆ ಚಾರ್ಜ್ ಬಂದ್ರ?" ಎಂದೆ.

ಇಬ್ಬರೂ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಪೇಪರು ತಿದ್ದತೊಡಗಿದರು.