ಕಪ್ಪು ಸುರಿಯದ ಕತ್ತಲೆ

ರಾತ್ರಿಯ ಹೊಳೆ ಬರೆಯಲು ಕೂತವರು ಬಹುಮಟ್ಟಿಗೆ ಮೊದಲು ಕೈಹಾಕುವುದು ಕಪ್ಪಿಗೆ. ಮೇಲೊಂದು ದುಂಡು ಚಂದ್ರ, ಕೆಳಗೊಂದು ಬೆಳ್ಳಿಗೆರೆ. ಕ್ಯಾಲೆಂಡರುಗಳಲ್ಲಿ ಇಂಥವನ್ನು ಬೇಕಾದಷ್ಟು ನೋಡಿದ್ದೇವೆ. ಹಾನಗಲ್ಲ, ಸವಣೂರ ಕಡೆ ವರದೆಯ ದಂಡೆಗೆ, ಹಿರೇಕೆರೂರಿನಲ್ಲಿ ಕುಮುದ್ವತಿಯ ದಂಡೆಗೆ ಹೊಲವಿರುವವರು ಅದನ್ನು ಒಪ್ಪಲಿಕ್ಕಿಲ್ಲ. ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೋಗುವವರಿಗೆ ಗೊತ್ತು: ಹೆಚ್ಚು ಕಪ್ಪಗಿರುವುದು ದಂಡೆಯ ಜಾಲಿಗಂಟಿ. ನೀರು ಆಕಾಶದ ಬಣ್ಣ ಹೊದ್ದು ಮಸುಕಾಗಿ ಬೆಳಗುತ್ತಿರುತ್ತದೆ.

ಇದನ್ನು ಅಚ್ಚಿನಲ್ಲಿ ಹಿಡಿದವನು ಜೇಮ್ಸ್ ಮೆಕ್‌ನೀಲ್ ವಿಸ್ಲರ್. ಅಮೆರಿಕದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಥೇಮ್ಸ್ ನದಿಯ ಬಗಲಿನ ಚೆಲ್ಸಿಯಲ್ಲಿ ನೆಲೆಸಿದ್ದ ಕಲಾವಿದ. 1878ರ ಅವನ ‘ನಾಕ್ಟರ್ನ್’ ಕಲ್ಲಚ್ಚು ಸುಮಾರು 17 ಸೆಂ.ಮೀ. ಎತ್ತರ, 26 ಸೆಂ.ಮೀ. ಅಗಲದ್ದು. ಆಚೆ ದಡದಲ್ಲಿ ಬ್ಯಾಟರ್‌ಸಿಯ ಕಾರ್ಖಾನೆ ಚಿಮಣಿಗಳು, ಒಂದು ಗೋಪುರ, ಅಲ್ಲೊಂದು ಇಲ್ಲೊಂದು ದೀಪ. ಉಳಿದದ್ದೆಲ್ಲ ನೀರು ಮತ್ತು ಗಾಳಿ.

ಕಲ್ಲಚ್ಚು ಕನ್ನಡಿಗರಿಗೆ ಹೊಸದಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮುದ್ರಣವಾದದ್ದು ಇದೇ ವಿಧಾನದಲ್ಲಿ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಹದಮಾಡಿ, ಒದ್ದೆಮಾಡಿ ಅಚ್ಚುಮಸಿ ಉರುಳಿಸಿದರೆ, ಜಿಡ್ಡಿದ್ದಲ್ಲಿ ಮಸಿ ಹತ್ತುತ್ತದೆ, ನೀರಿದ್ದಲ್ಲಿ ಹತ್ತುವುದಿಲ್ಲ. ಅಕ್ಷರಕ್ಕೆ ಇಷ್ಟು ಸಾಕು, ಇರುಳಿಗೆ ಸಾಲದು. ಮುದ್ರಕ ಥಾಮಸ್ ವೇ ಇಡೀ ಕಲ್ಲಿಗೆ ಮೊದಲೇ ಒಂದು ನಡುಬಣ್ಣದ ಹದ ಕೊಟ್ಟಿಟ್ಟ. ವಿಸ್ಲರ್ ಅದರ ಮೇಲೆ ನೀರಾಗಿಸಿದ ಮಸಿಯನ್ನು ಕುಂಚದಿಂದ ಹರಿಯಬಿಟ್ಟ. ಬೆಳಕು ಬೇಕಾದಲ್ಲಿ ಕೆರೆದು ತೆಗೆದ. ಅಂದರೆ ಇಲ್ಲಿನ ದೀಪಗಳು ಹಚ್ಚಿದವಲ್ಲ, ಕತ್ತಲೆಯನ್ನು ಕೆರೆದು ಹೊರತಂದವು. ಮುದ್ರಿಸಿದ್ದು ಕಪ್ಪು ಮಸಿಯಲ್ಲೇ, ಆದರೆ ತೆಳ್ಳನೆಯ ನೀಲಿ ಕಾಗದದ ಮೇಲೆ. ಮಸಿಯ ಪದರದಡಿಯಿಂದ ಆ ನೀಲಿ ಇಣುಕುವುದರಿಂದಲೇ ನೀರಿಗೆ ಉಸಿರಾಡಲು ಜಾಗ ಸಿಕ್ಕಿದೆ. ಮಸಿ ಒಂದಿಷ್ಟು ಹೆಚ್ಚಾಗಿದ್ದರೂ ಎಲ್ಲ ಕೆಟ್ಟುಹೋಗುತ್ತಿತ್ತು.

ರಾತ್ರಿ ಚಿತ್ರಗಳಿಗಾಗಿ ಅವನು ದೋಣಿಗಾರರಾದ ಗ್ರೀವ್ಸ್ ಸಹೋದರರೊಂದಿಗೆ ದೋಣಿಯಲ್ಲಿ ನದಿಗಿಳಿಯುತ್ತಿದ್ದ. ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡು ಬಂದು ಮರುದಿನ ಬರೆಯುತ್ತಿದ್ದ. ಕಣ್ಣು ಮರೆತದ್ದು ಚಿತ್ರಕ್ಕೂ ಬೇಡವಾದದ್ದೇ ಎಂಬ ಧೈರ್ಯ ಈ ಅಚ್ಚಿನಲ್ಲೂ ಎದ್ದು ಕಾಣುತ್ತದೆ.

ಅವನು ಮೆಚ್ಚಿಕೊಂಡಿದ್ದ ಜಪಾನೀ ಮರದಚ್ಚುಗಳಲ್ಲೂ ಇರುಳಿದೆ. ಹಿರೋಶಿಗೆಯ 1857ರ ಕ್ಯೋಬಾಶಿ ಸೇತುವೆಯ ಮೇಲೆ ಹುಣ್ಣಿಮೆ ಚಂದ್ರನಿದ್ದಾನೆ, ನೀಲಿ ತುಂಬಿ ತುಳುಕುತ್ತದೆ. ಬಲು ಚೆಂದದ ಅಚ್ಚು. ಆದರೂ ನನ್ನ ಮನಸ್ಸು ವಿಸ್ಲರ್ ಕಡೆಗೇ ವಾಲುತ್ತದೆ: ಚಂದ್ರನ ಆಸರೆಯನ್ನೂ ಬಿಟ್ಟು ರಾತ್ರಿಯನ್ನು ನಿಲ್ಲಿಸಿದ್ದು ಇನ್ನೂ ಕಠಿಣ ಕೆಲಸ.

ನೋಡಬೇಕೆನ್ನುವವರು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನ ಜಾಲತಾಣದಲ್ಲಿ ಹುಡುಕಿ. ಪುಸ್ತಕಗಳ ಕಪ್ಪು–ಬಿಳುಪು ನಕಲಿನಲ್ಲಿ ನೀಲಿ ಸತ್ತು ಬೂದಿಯಾಗಿರುತ್ತದೆ, ಅದನ್ನು ನಂಬಬೇಡಿ. ಮೊಬೈಲಿನ ಬೆಳಕು ತಗ್ಗಿಸಿ, ದೀಪಗಳನ್ನು ಬಿಟ್ಟು ಮೊದಲು ನಡುವಿನ ಖಾಲಿ ನೀರನ್ನೇ ದೊಡ್ಡದು ಮಾಡಿ ನೋಡಿ. ಕುಂಚದ ಮಸಿ ಎಲ್ಲಿ ತೆಳುವಾಗಿ ಹರಿದಿದೆ, ಎಲ್ಲಿ ನಿಂತಿದೆ ಎಂಬುದು ಅಲ್ಲಿಯೇ ಸಿಗುತ್ತದೆ.