ಮುಖಗವಸು ಕಾಯುವುದು ಯಾರನ್ನು?

ಮುಖಗವಸಿನ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವ ಕ್ರಮ ಒಂದೇ. ಹದಿನೇಳನೆಯ ಶತಮಾನದ ಯುರೋಪಿನ ಪ್ಲೇಗ್ ವೈದ್ಯರ ಕೊಕ್ಕಿನಿಂದ ಶುರುಮಾಡಿ ಎನ್95ಕ್ಕೆ ತಂದು ನಿಲ್ಲಿಸುತ್ತಾರೆ. ಮೌಢ್ಯದಿಂದ ವಿಜ್ಞಾನಕ್ಕೆ ಏರಿದ ಮೆಟ್ಟಿಲಿನಂತೆ ಅದು ಕಾಣುತ್ತದೆ. ಈ ಕಥನ ಸುಳ್ಳಲ್ಲ. ಆದರೆ ಬಟ್ಟೆಯನ್ನಷ್ಟೇ ನೋಡುತ್ತದೆ. ಪ್ರತಿ ವಿನ್ಯಾಸಕ್ಕೂ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಇದು ಯಾರನ್ನು ಯಾರಿಂದ ಕಾಯುತ್ತದೆ?

ಕೊಕ್ಕಿನೊಳಗೆ ಸುವಾಸನೆಯ ಗಿಡಮೂಲಿಕೆ ತುಂಬುತ್ತಿದ್ದರು. ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂಬ ನಂಬಿಕೆ ಆ ಆಕಾರವನ್ನು ಕೊಟ್ಟಿತು. ಅದು ಕಾಯಬೇಕಿದ್ದುದು ವೈದ್ಯನನ್ನು ಮಾತ್ರ.

1897ರಲ್ಲಿ ದಿಕ್ಕು ತಿರುಗಿತು. ಮಾತನಾಡುವಾಗ ಬಾಯಿಂದ ಹಾರುವ ಹನಿಗಳಲ್ಲಿ ಸೂಕ್ಷ್ಮಾಣುಗಳಿರುತ್ತವೆ ಎಂದು ಕಾರ್ಲ್ ಫ್ಲೂಗೆ ತೋರಿಸಿಕೊಟ್ಟರು. ಬ್ರೆಸ್ಲಾವಿನಲ್ಲಿ ಮಿಕುಲಿಚ್, ಪ್ಯಾರಿಸಿನಲ್ಲಿ ಪಾಲ್ ಬೆರ್ಜೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಈಗ ಕಾಯಬೇಕಾದದ್ದು ಮೇಜಿನ ಮೇಲಿನ ರೋಗಿಯನ್ನು, ಅದೂ ವೈದ್ಯನ ಉಸಿರಿನಿಂದ. ಅಪಾಯ ನನ್ನೊಳಗೂ ಇರಬಹುದು ಎಂದು ಒಪ್ಪಿಕೊಂಡ ವಿನ್ಯಾಸವಿದು. ಸ್ಥಾನಕವಾಸಿ ಜೈನ ಸಾಧುಗಳು ಬಾಯಿಗೆ ಕಟ್ಟುವ ಮುಹಪತ್ತಿಯ ಹಿಂದೆಯೂ ಇಂಥದೇ ವಿವೇಕವಿದೆ. ಅಲ್ಲಿ ಕಾರಣ ರೋಗವಲ್ಲ, ಅಹಿಂಸೆ.

ಈ ಎರಡು ದಿಕ್ಕುಗಳೂ ಕೂಡಿದ್ದು 1910-11ರ ಚಳಿಗಾಲದಲ್ಲಿ, ಮಂಚೂರಿಯಾದಲ್ಲಿ. ಅಲ್ಲಿನ ಪ್ಲೇಗ್ ಉಸಿರಿನಿಂದ ಹರಡುತ್ತಿದೆ ಎಂದವರು ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ವು ಲಿಯೆನ್-ತೆ. ಬ್ಯಾಂಡೇಜಿನ ತೆಳುಬಟ್ಟೆ, ನಡುವೆ ಹತ್ತಿ, ತಲೆಯ ಹಿಂದೆ ಗಂಟುಹಾಕಲು ತುದಿಯಲ್ಲೇ ಸೀಳಿದ ಪಟ್ಟಿಗಳು: ಅವರ ಮುಖಗವಸು ಇಷ್ಟೇ. ಅದನ್ನು ಕಟ್ಟಿಕೊಳ್ಳಲೊಪ್ಪದೆ ರೋಗಿಗಳನ್ನು ನೋಡಹೋದ ಫ್ರೆಂಚ್ ವೈದ್ಯ ಮೆನಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಯಾರು ಬೇಕಾದರೂ ಹೊಲಿಗೆಯಿಲ್ಲದೆ ಮಾಡಿಕೊಳ್ಳಬಹುದಾಗಿತ್ತು ಎಂಬುದೇ ಆ ವಿನ್ಯಾಸದ ದೊಡ್ಡ ಗುಣ. ವೈದ್ಯ, ರೋಗಿ, ಹೆಣ ಹೊರುವವ ಎಲ್ಲರಿಗೂ ಅದು ಒಂದೇ.

ಮುಂದಿನ ತಿರುವು ಕಾರ್ಖಾನೆಯದು. ಬ್ರಾ ಕಪ್ಪಿನ ಅಚ್ಚಿನಲ್ಲಿ ಮುಖಗವಸಿನ ಆಕಾರ ಕಂಡವರು ಅಮೆರಿಕದ ವಿನ್ಯಾಸಕಿ ಸಾರಾ ಲಿಟಲ್ ಟರ್ನ್‌ಬುಲ್. ಅವರಿಗದು ಹೊಳೆದದ್ದು ಆಸ್ಪತ್ರೆಗಾಗಿ. 3ಎಂ ಕಂಪನಿ ಅದನ್ನು ಮಾರಿದ್ದು ಧೂಳಿನ ಮಾಸ್ಕ್ ಆಗಿ. ಎನ್95ದ ವಂಶ ಅಲ್ಲಿಂದ ಬಂತು. ಕಾರ್ಖಾನೆಯಲ್ಲಿ ಅಪಾಯ ಹೊರಗಿನ ಧೂಳು. ಕಾರ್ಮಿಕನ ಉಸಿರು ಯಾರಿಗೂ ಕೇಡಲ್ಲ. ಹಾಗಾಗಿ ಉಸಿರನ್ನು ಸೋಸದೆ ಹೊರಬಿಡುವ ವಾಲ್ವ್ ಅಲ್ಲಿ ಜಾಣತನದ ಸೇರ್ಪಡೆ.

ಅದೇ ವಾಲ್ವ್ ಕೋವಿಡ್ ಕಾಲದ ಬೀದಿಗೆ ಬಂದಾಗ ಅರ್ಥ ತಲೆಕೆಳಗಾಯಿತು. ಅದನ್ನು ಬಳಸದಂತೆ ತಡೆಯಲು 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ದುಬಾರಿ ವಾಲ್ವ್ ಮಾಸ್ಕ್ ತೊಟ್ಟವನು ತನ್ನನ್ನು ಕಾದುಕೊಳ್ಳುತ್ತಿದ್ದ. ಹಳೆಯ ಪಂಚೆ ಹರಿದು ಕಟ್ಟಿಕೊಂಡವನು ತನ್ನಿಂದಾದಷ್ಟು ಎದುರಿನವರನ್ನು ಕಾಯುತ್ತಿದ್ದ. ಎನ್95 ಎಂಬ ಹೆಸರಿನ 95 ಒಳಬರುವ ಗಾಳಿಯ ಲೆಕ್ಕ. ಹೊರಹೋಗುವ ಉಸಿರಿನ ಲೆಕ್ಕ ಆ ಹೆಸರಿನಲ್ಲಿಲ್ಲ.