ಲಿಪಿ, ಸ್ಥಳ, ಭಾಷೆ: ಹಿರೇಹಡಗಲಿಯ ತಾಮ್ರಶಾಸನ ಕಲಿಸುವ ಪಾಠ

ಅಪರಿಚಿತವಾದ ಒಂದು ಬರಹವು ಯಾವ ಭಾಷೆಯದೆಂದು ನಿರ್ಣಯಿಸುವುದು ಮೇಲ್ನೋಟಕ್ಕೆ ಸುಲಭವೆಂದು ತೋರಬಹುದು. ಲಿಪಿಯನ್ನು ನೋಡಿ ಹೇಳುವವರುಂಟು. ಅದು ದೊರೆತ ಊರನ್ನು ನೋಡಿ ಹೇಳುವವರುಂಟು. ಪರಿಚಿತವೆಂದು ತೋರುವ ಒಂದೆರಡು ಶಬ್ದಗಳನ್ನು ಹಿಡಿದು ಹೇಳುವವರೂ ಉಂಟು. ಈ ಮೂರು ದಾರಿಗಳೂ ಸಂಶೋಧಕನನ್ನು ತಪ್ಪು ನೆಲೆಗೆ ಒಯ್ಯಬಲ್ಲವು ಎಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪ್ರದೇಶವು ಕನ್ನಡ ಶಾಸನಗಳಿಂದ ಸಮೃದ್ಧವಾದುದು. ಆದರೆ ಇದೇ ಪ್ರದೇಶದ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನವು ಕನ್ನಡವಲ್ಲ. ಎಂಟು ಹಲಗೆಗಳ ಈ ದಾನಪತ್ರವನ್ನು ಬ್ಯೂಲರ್ ಅವರು ‘ಎಪಿಗ್ರಾಫಿಯ ಇಂಡಿಕಾ’ದ ಮೊದಲನೆಯ ಸಂಪುಟದಲ್ಲಿ (೧೮೯೨) ಸಂಪಾದಿಸಿದರು. ಕ್ರಿ.ಶ. ೪ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗಿರುವ ಇದು ಕಂಚಿಯಿಂದ ಹೊರಟದ್ದು. ಇದರ ಭಾಷೆ ಪ್ರಾಕೃತ. ಕೊನೆಯ ಮಂಗಳವಾಕ್ಯ ಮಾತ್ರ ಸಂಸ್ಕೃತದಲ್ಲಿದೆ. ಒಂದೇ ಲಿಪಿ, ಒಂದೇ ಶಾಸನ, ಭಾಷೆಗಳು ಎರಡು.

ಪ್ರಾಕೃತವೆಂದು ತಿಳಿದುದಾದರೂ ಹೇಗೆ? ‘ಧಮ್ಮಮಹಾರಾಜಾಧಿರಾಜೊ’ ಎಂಬಲ್ಲಿ ಸಂಸ್ಕೃತದ ‘ಧರ್ಮ’ವು ‘ಧಮ್ಮ’ವಾಗಿದೆ, ಅಶ್ವಮೇಧವು ‘ಅಸ್ಸಮೇಧ’ವಾಗಿದೆ, ಅರಸನ ಹೆಸರೇ ‘ಸಿವಖಂದವಮೊ’ ಎಂದಾಗಿದೆ. ಇವು ಅಲ್ಲೊಂದು ಇಲ್ಲೊಂದು ಸಿಕ್ಕುವ ರೂಪಗಳಲ್ಲ. ಒಂದೇ ನಿಯಮಕ್ಕೆ ಒಳಪಟ್ಟು ಶಾಸನದ ಉದ್ದಕ್ಕೂ ಬರುವಂಥವು. ಪ್ರಥಮಾ ವಿಭಕ್ತಿಯ ಒಕಾರಾಂತ, ‘ಪಲ್ಲವಾನ’ ಎಂಬ ಷಷ್ಠೀ ಬಹುವಚನ ಮುಂತಾದ ಪ್ರತ್ಯಯಗಳೇ ಇಲ್ಲಿ ನಿರ್ಣಾಯಕ ಸಾಕ್ಷಿಗಳು.

ಇದಕ್ಕೆ ಪ್ರತಿಯಾಗಿ ಸುಮಾರು ಕ್ರಿ.ಶ. ೪೫೦ರ ಹಲ್ಮಿಡಿ ಶಾಸನವನ್ನು ನೋಡಬಹುದು. ಅದು ಸಂಸ್ಕೃತ ಶ್ಲೋಕದಿಂದ ಮೊದಲಾಗುತ್ತದೆ. ಅದರ ಗದ್ಯದಲ್ಲಿಯೂ ಸಂಸ್ಕೃತ ಸಮಾಸಗಳೇ ಕಿಕ್ಕಿರಿದಿವೆ. ಶಬ್ದಗಳನ್ನಷ್ಟೇ ಎಣಿಸುವವನು ಅದನ್ನು ಸಂಸ್ಕೃತವೆಂದೇ ಬರೆದಿಡುತ್ತಿದ್ದನು. ಆದರೆ ವಾಕ್ಯವನ್ನು ಮುಗಿಸುವ ‘ಕೊಟ್ಟಾರ್’ ಎಂಬ ಕ್ರಿಯಾಪದವೂ ‘ಅೞಿವೊನ್ಗೆ’ ಎಂಬಲ್ಲಿಯ ಚತುರ್ಥೀ ಪ್ರತ್ಯಯವೂ ಅದು ಕನ್ನಡವೆಂದು ಸಾರುತ್ತವೆ. ನಾಮಪದಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ವಲಸೆ ಹೋಗುತ್ತವೆ; ಪ್ರತ್ಯಯಗಳೂ ಕ್ರಿಯಾರೂಪಗಳೂ ಅಷ್ಟು ಸುಲಭವಾಗಿ ಮನೆ ಬಿಟ್ಟು ಹೊರಡುವುದಿಲ್ಲ.

ಈ ಒರೆಗಲ್ಲಿಗೆ ನಮ್ಮವರಿಗೆ ಪ್ರಿಯವಾದ ಒಂದು ವಾದವನ್ನು ತಿಕ್ಕಿ ನೋಡುವುದು ಅವಶ್ಯ. ಈಜಿಪ್ತಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತೀಯ ಪಾತ್ರಗಳು ಗ್ರೀಕರಿಗೆ ತಿಳಿಯದ ಮಾತುಗಳನ್ನಾಡುತ್ತವೆ. ೧೯೦೪ರಲ್ಲಿ ಹುಲ್ಷ್ ಅವರು ಅವು ಕನ್ನಡವೆಂದರು, ಆರ್. ಶಾಮಾಶಾಸ್ತ್ರಿಗಳು ಅದನ್ನು ಬೆಂಬಲಿಸಿದರು. ತುಳುವಿನ ಪರವಾಗಿ ವಾದಿಸಿದವರೂ ಉಂಟು. ಬಾರ್ನೆಟ್ ಅವರು ೧೯೨೬ರಲ್ಲಿ ಕನ್ನಡವೆಂಬ ವಾದವನ್ನೇ ಅಲ್ಲಗಳೆದರು. ಮೂಲದಲ್ಲಿರುವ ‘ಬೆರೆ ಕೊಂಜೆಯಿ ದಮುನ್ ಪೆತ್ರೆಕಿಯೊ ಪಕ್ತೆಯಿ’ ಎಂಬುದನ್ನು ಹುಲ್ಷ್ ಅವರು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಿದರು. ಓದು ಆಕರ್ಷಕವಾದುದು, ಪಾನಗೋಷ್ಠಿಯ ಸನ್ನಿವೇಶಕ್ಕೆ ಒಪ್ಪುವಂಥದೂ ಹೌದು. ‘ಪೆತ್ರೆಕಿಯೊ’ ಮತ್ತೆ ಬರುವುದು ಅದಕ್ಕೆ ಅನುಕೂಲವಾದ ಅಂಶವೆಂದೂ ಒಪ್ಪಬೇಕು. ಆದರೆ ‘ದಮುನ್’ ಎಂಬುದು ‘ಮಧು’ ಆಗಬೇಕಾದರೆ ಅಕ್ಷರಗಳನ್ನು ಹಿಂದುಮುಂದಾಗಿಸಬೇಕು. ‘ಪಕ್ತೆಯಿ’ಯಲ್ಲಿಯ ತಕಾರವನ್ನು ಕೈಬಿಡಬೇಕು. ‘ಹಾಕಿ’ ಎಂಬ ಹಕಾರರೂಪವಂತೂ, ಪಕಾರವು ಹಕಾರವಾದುದು ಸುಮಾರು ೧೦ನೆಯ ಶತಮಾನದ ಬೆಳವಣಿಗೆಯಾದುದರಿಂದ, ಕ್ರಿ.ಶ. ೨ನೆಯ ಶತಮಾನದ ಹಸ್ತಪ್ರತಿಗೆ ಹೊಂದುವುದಿಲ್ಲ. ಪ್ರತಿ ಪದಕ್ಕೂ ಹೊಸ ವಿನಾಯಿತಿಯನ್ನು ಬೇಡುವ ವಾದವು ಕನ್ನಡವನ್ನಲ್ಲದೆ ಬೇರೆ ಭಾಷೆಯನ್ನೂ ಸಾಧಿಸಬಲ್ಲದು. ಆದುದರಿಂದ ಇದನ್ನು ಊಹೆಯೆಂದು ವಿದ್ಯಾರ್ಥಿಗಳಿಗೆ ತಿಳಿಸಬಹುದೇ ಹೊರತು ಕನ್ನಡದ ಪ್ರಾಚೀನತೆಗೆ ಪ್ರಮಾಣವೆಂದು ಬೋಧಿಸುವುದು ಯುಕ್ತವಲ್ಲ.

ಈ ಎಚ್ಚರವು ಪ್ರಾಚೀನ ಲೇಖಗಳಿಗಷ್ಟೇ ಮೀಸಲಲ್ಲ. ಹರಪನಹಳ್ಳಿ, ಕೂಡ್ಲಿಗಿಗಳ ತಾಂಡಾಗಳಲ್ಲಿ ಲಂಬಾಣಿ ಹಾಡುಗಳನ್ನು ಬರೆದುಕೊಳ್ಳುವವನು ಕನ್ನಡ ಲಿಪಿಯನ್ನೇ ಬಳಸುವನು. ನಡುನಡುವೆ ಕನ್ನಡ ಶಬ್ದಗಳೂ ಬರುವುವು. ಆದರೆ ‘ಮಾರೊ’, ‘ತಾರೊ’ ಎಂಬ ಷಷ್ಠೀರೂಪಗಳೂ ‘ಛ’ ಎಂಬ ಇರುವಿಕೆಯ ಕ್ರಿಯಾಪದವೂ ಅದು ಇಂಡೋ-ಆರ್ಯ ವರ್ಗದ ಸ್ವತಂತ್ರ ಭಾಷೆಯೆಂದು ತೋರಿಸುತ್ತವೆ. ಅಂಥ ಪುಸ್ತಕವನ್ನು ‘ಅಶುದ್ಧ ಕನ್ನಡ’ವೆಂದು ಪಟ್ಟಿಯಲ್ಲಿ ನಮೂದಿಸಿದರೆ ಒಂದು ಜನದ ನುಡಿಯೇ ಕಡತದಿಂದ ಅಳಿಸಿಹೋದಂತಾಗುವುದು. ದೂರದ ಈಜಿಪ್ತಿನಲ್ಲಿ ಕನ್ನಡವನ್ನು ಕಾಣುವ ಆತುರವೂ ನೆರೆಯ ತಾಂಡಾದಲ್ಲಿ ಕನ್ನಡೇತರವನ್ನು ಕಾಣದ ಅಲಕ್ಷ್ಯವೂ ಒಂದೇ ದೋಷದ ಎರಡು ಮುಖಗಳು. ಪ್ರತ್ಯಯಗಳ ಸಾಕ್ಷ್ಯವನ್ನು ಮೊದಲು ಕೇಳಿ ಅನಂತರ ಹೆಸರಿಡುವುದೇ ಎರಡಕ್ಕೂ ಪರಿಹಾರ.